ಪೈಪಿನೊಳಗೆ ಸುತ್ತುವ ನಟ್

ಪ್ರಶ್ನೆ: ನಮ್ಮದು ಶಾಲೆಗಳಿಗೆ ಡೆಸ್ಕು ತಯಾರಿಸುವ ಸಣ್ಣ ವರ್ಕ್‌ಶಾಪ್. 25 ಮಿ.ಮೀ. ಚೌಕದ, 1.6 ಮಿ.ಮೀ. ದಪ್ಪದ ಉಕ್ಕಿನ ಪೈಪಿಗೆ ಎಂ6 ರಿವೆಟ್ ನಟ್ (6 ಮಿ.ಮೀ. ಬೋಲ್ಟ್ ಹಿಡಿಯುವ, ತೂತಿಗೆ ಹೊರಗಿನಿಂದಲೇ ಹಾಕುವ ನಟ್) ಕೂರಿಸಿ, ಹಲಗೆಯನ್ನು ಬೋಲ್ಟ್ ಹಾಕಿ ಬಿಗಿಯುತ್ತೇವೆ. ಕೆಲವು ತಿಂಗಳ ನಂತರ ಬಿಚ್ಚಲು ಹೋದರೆ ಬೋಲ್ಟಿನ ಜೊತೆಗೆ ನಟ್ ಕೂಡ ಸುತ್ತುತ್ತದೆ. ಪೈಪಿಗೇ ಟ್ಯಾಪ್ ಹೊಡೆದು ಥ್ರೆಡ್ ಕೊರೆದರೆ ಸಾಲದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಲದು. ಎಂ6 ಬೋಲ್ಟಿನ ಒಂದು ಥ್ರೆಡ್ಡಿಗೂ ಇನ್ನೊಂದಕ್ಕೂ 1 ಮಿ.ಮೀ. ಅಂತರವಿರುವುದರಿಂದ ನಿಮ್ಮ ಪೈಪಿನ ದಪ್ಪದಲ್ಲಿ ಒಂದೂವರೆ ಥ್ರೆಡ್ ಮಾತ್ರ ಹಿಡಿಯುತ್ತದೆ. ಮಕ್ಕಳು ಎಳೆದಾಡುವ ಡೆಸ್ಕಿಗೆ ಅದನ್ನು ನಂಬುವಂತಿಲ್ಲ. ಕೈ ಹೋಗದ ಟೊಳ್ಳಿನೊಳಗೆ ಹೊರಗಿನಿಂದಲೇ ನಟ್ ಕೂರಿಸಲು ರಿವೆಟ್ ನಟ್ ಸರಿಯಾದ ಆಯ್ಕೆಯೇ. 1930ರ ದಶಕದಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ಇದನ್ನು ರೂಪಿಸಿದ್ದೂ ಇಂಥದೇ ತೊಡಕಿಗಾಗಿ: ವಿಮಾನದ ರೆಕ್ಕೆಯ ಅಂಚಿಗೆ ಹಿಮ ಒಡೆಯುವ ರಬ್ಬರ್ ಹೊದಿಕೆಯನ್ನು ಬಿಗಿಯಬೇಕಿತ್ತು, ಆದರೆ ಒಳಗಡೆಯಿಂದ ನಟ್ ಹಿಡಿಯಲು ದಾರಿಯಿರಲಿಲ್ಲ.

ನಟ್ ಸುತ್ತುವುದಕ್ಕೆ ನನ್ನ ಮೊದಲ ಅನುಮಾನ ತೂತಿನ ಮೇಲೆ. ದುಂಡು ಮೈಯ ಎಂ6 ನಟ್‌ಗೆ ಸಾಮಾನ್ಯವಾಗಿ 9 ಮಿ.ಮೀ. ತೂತು ಬೇಕು, ಕೈಡ್ರಿಲ್ ಅಲುಗಾಡಿದರೆ ಅದು ಹಿಗ್ಗುತ್ತದೆ, ದುಂಡಗೂ ಉಳಿಯುವುದಿಲ್ಲ. ಮೊದಲು ಸಣ್ಣ ತೂತು ಕೊರೆದು, ಆಮೇಲೆ 9ಕ್ಕೆ ಹಿಗ್ಗಿಸಿ, ಅಂಚಿನ ಬರ್ (ಕೊರೆದಾಗ ಉಳಿಯುವ ಚೂಪು ಚಕ್ಕೆ) ಕೆರೆದು ತೆಗೆಯಿರಿ. ಪೈಪಿನ ವೆಲ್ಡ್ ಸೀಮ್ ಇರುವ ಮುಖವನ್ನು ತಪ್ಪಿಸಿ, ಏಕೆಂದರೆ ಒಳಗೆ ಉಬ್ಬಿರುವ ವೆಲ್ಡ್ ಗೆರೆಯ ಮೇಲೆ ನಟ್ ಸಮನಾಗಿ ಕಚ್ಚಿಕೊಳ್ಳುವುದಿಲ್ಲ.

ಎರಡನೆಯ ಅನುಮಾನ ಎಳೆತದ್ದು. ನಟ್ ಕೂರಿಸುವ ಗನ್ನು ಅದನ್ನು ಎಳೆದಾಗ ನಟ್‌ನ ತೆಳುಭಾಗ ಪೈಪಿನ ಒಳಮೈಗೆ ಒತ್ತಿ ಉಂಗುರದಂತೆ ಉಬ್ಬಬೇಕು. ಎಳೆತ ಕಡಿಮೆಯಾದರೆ ಹೊರಗಿನಿಂದ ಎಲ್ಲವೂ ಸರಿಯಾಗಿ ಕಂಡರೂ ಒಳಗೆ ಹಿಡಿತ ಇರುವುದಿಲ್ಲ, ಅತಿಯಾದರೆ ಥ್ರೆಡ್ ಕೆಡುತ್ತದೆ. ಅದೇ ಪೈಪಿನ ತುಂಡೊಂದಕ್ಕೆ ನಟ್ ಕೂರಿಸಿ, ಹ್ಯಾಕ್ಸಾದಿಂದ ಸೀಳಿ ನೋಡಿ. ಉಬ್ಬಿಗೂ ಪೈಪಿಗೂ ನಡುವೆ ಸಂದು ಕಂಡರೆ ಗನ್ನಿನ ಸ್ಟ್ರೋಕ್ (ಎಳೆಯುವ ದೂರ) ಹೆಚ್ಚಿಸಿ. ಕೊಳ್ಳುವಾಗ ನಟ್‌ನ ಗ್ರಿಪ್ ರೇಂಜ್‌ನಲ್ಲಿ, ಅಂದರೆ ಅದು ಹಿಡಿಯಬಲ್ಲ ದಪ್ಪಗಳ ಮಿತಿಯಲ್ಲಿ, 1.6 ಮಿ.ಮೀ. ಸೇರಿದೆಯೇ ಎಂದೂ ನೋಡಿ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಒಲೆಯಲ್ಲಿ ಕಾಯಿಸಿದ ಪದರ) ಮೇಲೆ ನಟ್ ಕೂರಿಸುವುದು ಬೇಡ; ನಟ್‌ನ ಕಾಲರಿನಡಿಯ (ತೂತಿನ ಹೊರಗೆ ಉಳಿಯುವ ಅಗಲ ಅಂಚಿನಡಿಯ) ಆ ಪದರ ಒತ್ತಡಕ್ಕೆ ಕುಗ್ಗಿ ಬಿಗಿ ಸಡಿಲಾಗುತ್ತದೆ. ನಟ್ ಮೊದಲು ಕೂರಿಸಿ, ಒಲೆಯ ಶಾಖ ತಡೆಯುವ ಸಿಲಿಕೋನ್ ಪ್ಲಗ್‌ನಿಂದ ಥ್ರೆಡ್ ಮುಚ್ಚಿ, ಆಮೇಲೆ ಕೋಟಿಂಗ್ ಮಾಡಿಸಿ.

ಪದೇ ಪದೇ ಬಿಚ್ಚುವ ಜಾಗವಾದರೆ ಷಟ್ಕೋನ ಮೈಯ ನಟ್ ಮತ್ತು ಅದಕ್ಕೆ ತಕ್ಕ ಷಟ್ಕೋನ ತೂತೇ ಉತ್ತಮ. ಪಂಚ್ ಮಾಡಿಸುವ ಖರ್ಚು ಹೆಚ್ಚಾದರೂ, ಸುತ್ತುವ ಸಮಸ್ಯೆಗೆ ಇಷ್ಟು ಗಟ್ಟಿಯಾದ ಪರಿಹಾರ ಬೇರೆಯಿಲ್ಲ.

ಈಗಾಗಲೇ ಸುತ್ತುತ್ತಿರುವ ನಟ್‌ನ ಕಾಲರಿನಡಿ ತೆಳು ಸ್ಕ್ರೂಡ್ರೈವರ್ ತೂರಿಸಿ, ಹೊರಕ್ಕೆ ಒತ್ತಿ ಹಿಡಿದು ಬೋಲ್ಟ್ ತಿರುಗಿಸಿ ನೋಡಿ. ಬಾರದಿದ್ದರೆ ಬೋಲ್ಟಿನ ತಲೆಯನ್ನು ಡ್ರಿಲ್ ಮಾಡಿ ತೆಗೆಯಬೇಕು. ಆ ತೂತಿಗೆ ಮತ್ತೆ ಎಂ6 ಹಾಕಬೇಡಿ, 11 ಮಿ.ಮೀ.ಗೆ ಹಿಗ್ಗಿಸಿ ಎಂ8 ಕೂರಿಸಿ.