ಕೇಳದೆ ಹೋದ ಕಛೇರಿ, ಎದ್ದು ಬಂದ ಕಛೇರಿ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯ ಪತ್ರಗಳೇ ಜಾಸ್ತಿ. ಕೇಳಬೇಕಾಗಿದ್ದ ಕಛೇರಿ ಕೈತಪ್ಪಿದ ಕೊರಗು ಎಲ್ಲದರಲ್ಲೂ ಇದೆ. ಕೊರಗಿಗೆ ನಮ್ಮಲ್ಲಿ ಮದ್ದಿಲ್ಲ. ಅದರಲ್ಲಿ ಕ್ಯಾಸೆಟ್ಟಿಗೆ, ಬಸ್ಸಿಗೆ, ಟಿಕೆಟ್ಟಿಗೆ ಸಂಬಂಧಪಟ್ಟ ಭಾಗಕ್ಕೆ ಉತ್ತರ ಇದೆ.

ಪ್ರಶ್ನೆ: 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ನಡೆದಾಗ ಗೆಳೆಯರು ಕರೆದರು, ‘ಮುಂದಿನ ಸಲ ನೋಡೋಣ’ ಅಂದೆ. ಭೀಮಸೇನ ಜೋಶಿಯವರ ವಿಷಯದಲ್ಲೂ ಹಾಗೇ ಆಯಿತು. ಈಗ ಫೋನಿನಲ್ಲಿ ಎಷ್ಟು ಕೇಳಿದರೂ ಸಮಾಧಾನವಿಲ್ಲ. ಧ್ವನಿಮುದ್ರಣದಲ್ಲಿ ನಿಜವಾಗಿ ತಪ್ಪಿಹೋಗುವುದು ಏನು?
— ಓದುಗರೊಬ್ಬರು, ಹಾಸನ

ಉತ್ತರ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಶ್ವಥ್ ಕಾರ್ಯಕ್ರಮದ ಜೀವಾಳ ಜನ. ವೇದಿಕೆಯ ಮೇಲೆ ದೊಡ್ಡ ವೃಂದ, ಕೆಳಗೆ ಮೈದಾನ ತುಂಬ ಜನ, ಎಲ್ಲರ ಬಾಯಲ್ಲೂ ಒಂದೇ ಸಾಲು. ಅಶ್ವಥ್ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಆ ಕಛೇರಿಯನ್ನು ನೀವು ನಿಜವಾಗಿಯೂ ಕಳೆದುಕೊಂಡಿದ್ದೀರಿ, ಅದನ್ನು ಸುಳ್ಳು ಸಮಾಧಾನ ಹೇಳಿ ಮುಚ್ಚುವುದು ಬೇಡ.

ಜೋಶಿಯವರ ಮಾತು ಬೇರೆ. ಅಲ್ಲಿ ಮುಖ್ಯ ರಾಗದ ವಿಸ್ತಾರ. ಅದರ ಬಹುಪಾಲು ಇನ್ನೂ ನಿಮಗೆ ಸಿಗುತ್ತದೆ, ಸರಿಯಾದ ಮುದ್ರಣ ಆರಿಸಿಕೊಂಡರೆ. ಹೆಚ್ಚಿನವರು ಎಡವುವುದೇ ಇಲ್ಲಿ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ, ಎಲ್‌ಪಿಯ ಒಂದು ಮಗ್ಗುಲಿಗೆ 20 ನಿಮಿಷದ ಆಸುಪಾಸು. ಗಾಯಕರು ರಾಗವನ್ನು ಆ ಅಳತೆಗೆ ಕತ್ತರಿಸಿ ಹಾಡಬೇಕಾಗಿತ್ತು. ಸ್ಟುಡಿಯೋ ತುಣುಕು ಕೇಳಿ ‘ಇಷ್ಟೇನಾ’ ಅನ್ನಿಸಿದರೆ ತಪ್ಪು ನಿಮ್ಮ ಕಿವಿಯದಲ್ಲ. ಆಕಾಶವಾಣಿಯ ಮುದ್ರಣಗಳನ್ನೂ ಸಭೆಗಳಲ್ಲಿ ನೇರವಾಗಿ ಮುದ್ರಿಸಿದವನ್ನೂ ಹುಡುಕಿ. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಲ್ಲಿ, ಸಂಗೀತ ಸಮ್ಮೇಳನ 1954ರಲ್ಲಿ ಶುರುವಾದವು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಮೊದಲಾದವರ ದೀರ್ಘ ಗಾಯನ ಉಳಿದಿರುವುದು ಹೆಚ್ಚಾಗಿ ಇಂಥ ಮುದ್ರಣಗಳಲ್ಲೇ. ಆರಿಸುವಾಗ ಮೊದಲು ಅವಧಿ ನೋಡಿ: ಒಂದೇ ರಾಗ 35 ನಿಮಿಷ ದಾಟಿದ್ದರೆ ಕೇಳಲು ಕೂರಬಹುದು. ಜೋಶಿಯವರು ಹುಟ್ಟಿದ್ದು 1922ರಲ್ಲಿ. 60–70ರ ದಶಕದ ಮುದ್ರಣಗಳಲ್ಲಿ ಸಿಗುವುದು ತುಂಬು ಪ್ರಾಯದ ಕಂಠ.

ಇನ್ನು ಫೋನು. ಸಮಾಧಾನ ಸಿಗದಿರಲು ಅರ್ಧ ಕಾರಣ ಅದೇ. ಗಂಡಸರ ಷಡ್ಜ (ಆಧಾರ ಸ್ವರವಾದ ‘ಸ’) ಸಾಮಾನ್ಯವಾಗಿ 130–140 ಹರ್ಟ್ಸ್ ಹತ್ತಿರ ಇರುತ್ತದೆ, ತಂಬೂರಿಯ ಮಂದ್ರದ ತಂತಿ ಅದರ ಅರ್ಧ, 65–70 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರು 300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಹೆಚ್ಚುಕಮ್ಮಿ ಬಿಟ್ಟೇಬಿಡುತ್ತದೆ. ಅಂದರೆ ತಂಬೂರಿಯ ಬುಡ ಇಲ್ಲ, ತಬಲಾದ ಎಡದ ಗುಂಕಾರ ಇಲ್ಲ, ಮಂದ್ರದ ಆಲಾಪ ಬರೀ ಗೊಗ್ಗರು. ಸಾಧಾರಣ ವೈರ್ ಹೆಡ್‌ಫೋನ್ ಸಾಕು. ಸ್ಪೀಕರಾದರೆ ಕನಿಷ್ಠ 5 ಇಂಚಿನ ಕೋನ್ ಇರಲಿ, ಕಿವಿಯ ಎತ್ತರಕ್ಕೆ ಇಡಿ, ಫ್ಯಾನು ಆರಿಸಿ. ಆಪ್‌ನಲ್ಲಿ ಧ್ವನಿಯ ಗುಣಮಟ್ಟ ‘ಆಟೋ’ ಎಂದಿದ್ದರೆ ‘ಹೈ’ ಮಾಡಿ. ನಮ್ಮ ಘಟ್ಟದಂಚಿನ ನೆಟ್‌ವರ್ಕಿನಲ್ಲಿ ‘ಆಟೋ’ ಎಂದರೆ ಯಾವಾಗಲೂ ಕಳಪೆ ಎಂದೇ ಲೆಕ್ಕ.

ಪ್ರಶ್ನೆ: ನಮ್ಮ ಮಾವನವರು ಊರಿನ ರಾಮೋತ್ಸವ, ಗಣಪತಿ ಪೆಂಡಾಲಿನ ಕಛೇರಿಗಳನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ಮೂವತ್ತು ಕ್ಯಾಸೆಟ್ ಅಟ್ಟದಲ್ಲಿ ಸಿಕ್ಕಿವೆ. ನಾವು ಆಗ ಚಿಕ್ಕವರು, ಒಂದನ್ನೂ ಕೂತು ಕೇಳಿದವರಲ್ಲ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಒಂದನ್ನು ಹಾಕಿ ನೋಡಿದರೆ ಹಾಡು ಮಸುಕು ಮಸುಕು, ಶ್ರುತಿಯೂ ಏರಿದಂತಿದೆ. ಉಳಿಸಬಹುದೇ?
— ಗೃಹಿಣಿಯೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ಹಾಕಿ ನೋಡುವುದನ್ನು ನಿಲ್ಲಿಸಿ. ಬೂಷ್ಟು ಹಿಡಿದ ಒಂದು ಕ್ಯಾಸೆಟ್ ಓಡಿಸಿದರೆ ಅದರ ಪುಡಿ ಹೆಡ್ಡಿಗೂ (ಟೇಪಿನಿಂದ ದನಿ ಓದುವ ಭಾಗ) ಟೇಪನ್ನು ಎಳೆಯುವ ರಬ್ಬರ್ ಗಾಲಿಗೂ ಅಂಟಿ, ಆಮೇಲೆ ಹಾಕಿದ ಚೆನ್ನಾಗಿರುವ ಕ್ಯಾಸೆಟ್ಟಿಗೂ ಹತ್ತುತ್ತದೆ. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ನುಣುಪಾಗಿ ಕಂದು ಬಣ್ಣ ಇದ್ದರೆ ಒಂದು ಕಡೆ, ಬಿಳಿ ಚುಕ್ಕೆ ಇದ್ದರೆ ಇನ್ನೊಂದು ಕಡೆ ಬೇರೆ ಮಾಡಿ.

ಬೂಷ್ಟಿನವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಎಂಟು ಹತ್ತು ದಿನ ಇಡಿ. ಬಿಸಿಲಿಗೆ ಹರವಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಕಾವಿಗೆ ಟೇಪು ಸೊಟ್ಟಗಾಗುತ್ತದೆ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿಯದು ಮೆತ್ತಿಕೊಳ್ಳುತ್ತದೆ. ಆದ್ದರಿಂದ ಒಣಗುವ ತನಕ ಮುಟ್ಟಬೇಡಿ. ಆಮೇಲೆ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಯಾವುದಾದರೂ ಹಳೆಯ ಅಗ್ಗದ ಟೇಪ್‌ರೆಕಾರ್ಡರಿನಲ್ಲಿ ನೂಲು ಬಿಡದ ಬಟ್ಟೆಯನ್ನು ಟೇಪಿಗೆ ಹಗುರವಾಗಿ ತಾಗಿಸಿ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ. ಆ ಯಂತ್ರವನ್ನು ಮತ್ತೆ ಬೇರೆ ಯಾವುದಕ್ಕೂ ಬಳಸಬೇಡಿ. ಸುರುಳಿ ಎಲ್ಲಾದರೂ ಅಂಟಿ ಬಿಗಿದರೆ ಎಳೆಯಬೇಡಿ. ಅದನ್ನು ಬಲ್ಲವರ ಕೈಗೆ ಕೊಡುವುದೇ ಲೇಸು.

ಟೇಪಿನ ಹಿಂದೆ ತಾಮ್ರದ ಪಟ್ಟಿಯ ಮೇಲೆ ಉಗುರಿನಷ್ಟು ದೊಡ್ಡ ಉಣ್ಣೆಯ ಮೆತ್ತೆ ಇರುತ್ತದೆ. ಅಂಟು ಒಣಗಿ ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತುವುದೇ ಇಲ್ಲ, ದನಿ ಬಂದು ಬಂದು ಹೋಗುತ್ತದೆ. ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಬಿಚ್ಚಿ, ಅದರ ಕವಚಕ್ಕೆ ನಿಮ್ಮ ಸುರುಳಿಗಳನ್ನು ವರ್ಗಾಯಿಸಿ. ಕವಚ ಅಂಟಿಸಿದ್ದಾದರೆ ಚಾಕುವಿನ ತುದಿಯಿಂದ ಮೂಲೆಯಿಂದ ನಿಧಾನಕ್ಕೆ ಬಿಡಿಸಬೇಕು.

ನೀವು ಹೇಳಿದ ಮಸುಕಿಗೆ ಎರಡು ಕಾರಣ ಇರಬಹುದು. ಒಂದು, ಕೊಳೆ. ಹತ್ತಿಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹೆಡ್ಡನ್ನೂ ಲೋಹದ ಕಡ್ಡಿಯನ್ನೂ ಒರೆಸಿ. ರಬ್ಬರ್ ಗಾಲಿಗೆ ಮಾತ್ರ ಸೋಪಿನ ನೀರು, ಆಲ್ಕೋಹಾಲಿಗೆ ರಬ್ಬರು ಬಿರಿಯುತ್ತದೆ. ಇನ್ನೊಂದು, ಹೆಡ್ಡಿನ ಓರೆ. ಮಾವನವರ ಯಂತ್ರದ ಹೆಡ್ಡು ನಿಂತ ಕೋನಕ್ಕೂ ನಿಮ್ಮದಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದರೂ ತಾರದ ಹೊಳಪು ಸತ್ತುಹೋಗುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಸ್ಕ್ರೂ ಇದೆ. ಅದು ಈಗ ಇರುವ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ, ಹಾಡು ಓಡುತ್ತಿರುವಾಗ ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ. ಮೃದಂಗದ ಬಲದ ಛಾಪು, ಪಿಟೀಲಿನ ಕಮಾನಿನ ಸದ್ದು ಅತಿ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ನೋಡಬೇಕು.

ಕಂಪ್ಯೂಟರಿಗೆ ಇಳಿಸುವಾಗ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ. ಆಡಾಸಿಟಿ ಉಚಿತವಾಗಿ ಸಿಗುವ ತಂತ್ರಾಂಶ. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿ. ತನಿಯಲ್ಲಿ, ಅಂದರೆ ಮೃದಂಗದವರು ತಾವೇ ನುಡಿಸುವ ಭಾಗದಲ್ಲಿ, ಏಕ್‌ದಂ ಏರುತ್ತದೆ, ಅದನ್ನೇ ಮೊದಲು ಓಡಿಸಿ ಮಟ್ಟ ಕಟ್ಟಿಕೊಳ್ಳಿ. 90 ನಿಮಿಷದ ಕ್ಯಾಸೆಟ್ ಸುಮಾರು 1.5 ಜಿಬಿ ಆಗುತ್ತದೆ. ಮೂವತ್ತಕ್ಕೆ 45 ಜಿಬಿ, 45 ಗಂಟೆ ಕೆಲಸ. ಕ್ಯಾಸೆಟ್ಟು ಅದರ ವೇಗದಲ್ಲೇ ಓಡಬೇಕು, ಅವಸರಕ್ಕೆ ದಾರಿಯಿಲ್ಲ.

ಶ್ರುತಿ ಏರಿದಂತಿದೆ ಎಂದಿರಿ. ಸೆಲ್ ಸೋತ ಟೇಪ್‌ರೆಕಾರ್ಡರಿನಲ್ಲಿ ನಿಧಾನವಾಗಿ ಹಿಡಿದದ್ದು ಈಗ ಸರಿಯಾದ ವೇಗದಲ್ಲಿ ಓಡಿದರೆ ಹೀಗೇ ಆಗುತ್ತದೆ. ಅದೇ ಗಾಯಕರ ಬೇರೆ ಮುದ್ರಣದ ಷಡ್ಜವನ್ನು ಶ್ರುತಿ ಆಪ್‌ನಲ್ಲಿ ಹಿಡಿದು ಹೋಲಿಸಿ. ಅರ್ಧ ಸ್ವರ ಏರಿದ್ದರೆ ವೇಗವನ್ನು ಸುಮಾರು 5.6 ಶೇಕಡಾ ತಗ್ಗಿಸಿ. ಶ್ರುತಿಯೊಂದನ್ನೇ ಬದಲಿಸುವ ಆಯ್ಕೆ ಮುಟ್ಟಬೇಡಿ, ವೇಗ-ಶ್ರುತಿ ಎರಡೂ ಒಟ್ಟಿಗೆ ಇಳಿಯಬೇಕು. ಮೂಲ ಕಡತವನ್ನು ಹಾಗೇ ಉಳಿಸಿ, ತಿದ್ದಿದ್ದನ್ನು ಬೇರೆ ಇಡಿ. ‘ಸೊಂಯ್’ ಸದ್ದು ತೆಗೆಯುವ ಉಮೇದಿನಲ್ಲಿ ತಂಬೂರಿಯನ್ನೂ ತೆಗೆದುಹಾಕುವವರೇ ಹೆಚ್ಚು.

ಮನೆಯಲ್ಲಿ ಕೇಳಲು ಯಾರ ಅಡ್ಡಿಯೂ ಇಲ್ಲ. ಯೂಟ್ಯೂಬಿಗೆ ಹಾಕುವ ಮೊದಲು ಕಲಾವಿದರ ಇಲ್ಲವೇ ಅವರ ಮನೆಯವರ ಒಪ್ಪಿಗೆ ಪಡೆಯಿರಿ; ನಮ್ಮ ಕಾಯ್ದೆಯಲ್ಲಿ ಹಾಡಿದವರ ಹಕ್ಕು 50 ವರ್ಷ ಇರುತ್ತದೆ.

ಪ್ರಶ್ನೆ: ರಾಮನವಮಿ ಸಂಗೀತಕ್ಕೆಂದು ಬೆಂಗಳೂರಿಗೆ ಹೋಗಿ, ಬಸ್ಸು ತಪ್ಪೀತೆಂದು ಮುಖ್ಯ ಕೃತಿಯ ನಡುವೆ ಎದ್ದು ಬಂದೆವು. ಯಜಮಾನರು ಇವತ್ತಿಗೂ ಗೊಣಗುತ್ತಾರೆ. ಮುಂದಿನ ವರ್ಷ ಹೇಗೆ ಹೊಂದಿಸಿಕೊಳ್ಳಬೇಕು?
— ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಯಜಮಾನರು ಗೊಣಗುವುದರಲ್ಲಿ ನ್ಯಾಯವಿದೆ. ಎರಡೂವರೆ ಮೂರು ಗಂಟೆಯ ಕರ್ನಾಟಕ ಸಂಗೀತ ಕಛೇರಿಯಲ್ಲಿ ವರ್ಣ, ನಾಲ್ಕೈದು ಕೃತಿ ಮುಗಿದು ಮುಖ್ಯ ರಾಗದ ಆಲಾಪನೆ ಹಿಡಿಯುವುದು ಸಾಮಾನ್ಯವಾಗಿ ಒಂದೂಕಾಲು ಗಂಟೆಯ ನಂತರ. ಆಲಾಪನೆ, ಪಿಟೀಲಿನ ಸರದಿ, ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು), ಸ್ವರ, ತನಿ ಆವರ್ತನ ಎಲ್ಲ ಸೇರಿ ಮುಕ್ಕಾಲರಿಂದ ಒಂದೂಕಾಲು ಗಂಟೆ. ಆಮೇಲೆ ದೇವರನಾಮ, ತಿಲ್ಲಾನ, ಮಂಗಳ. ಸಂಜೆ ಆರೂವರೆಗೆ ಶುರುವಾದದ್ದು ಒಂಬತ್ತೂವರೆ ತನಕ ಹೋದೀತು ಎಂದೇ ಲೆಕ್ಕ ಹಾಕಿ, ಹನ್ನೊಂದರ ನಂತರದ ಬಸ್ಸಿಗೆ ಸೀಟು ಕಾಯ್ದಿರಿಸಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಶ್ರೀ ರಾಮಸೇವಾ ಮಂಡಲಿ ಉತ್ಸವವಾದರೆ (1939ರಿಂದ ನಡೆದಿರುವುದು) ಹತ್ತಿರದ ಕೆ.ಆರ್. ಮಾರ್ಕೆಟ್ ಮೆಟ್ರೋದಿಂದ ಮೆಜೆಸ್ಟಿಕ್‌ಗೆ ಎರಡೇ ನಿಲ್ದಾಣ. ಏಳಲೇಬೇಕಾದರೆ ತನಿ ಮುಗಿದು ಚಪ್ಪಾಳೆ ಬಿದ್ದಾಗ ಏಳಿ. ತನಿ ಶುರುವಾದ ಕೂಡಲೇ ಕಾಫಿಗೆ ಹೊರಡುವುದು ಮಾತ್ರ ಮೃದಂಗದವರಿಗೆ ಮಾಡುವ ಅವಮಾನ.

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ 240 ಕಿಲೋಮೀಟರಿಗೂ ಮಿಗಿಲು, ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ. ಎರಡು ರಾತ್ರಿ ಉಳಿದು ಮೂರು ಕಛೇರಿ ಕೇಳುವುದೇ ಜಾಣತನ. ಉತ್ಸವ ಯುಗಾದಿಯ ನಂತರ ತಿಂಗಳಿಗೂ ಹೆಚ್ಚು ನಡೆಯುತ್ತದೆ, ಪಟ್ಟಿ ಬಂದ ದಿನವೇ ಗುರುತು ಹಾಕಿಕೊಳ್ಳಿ. ಗುರುತು ಹಾಕುವಾಗ ಎಪ್ಪತ್ತು ದಾಟಿದ ಕಲಾವಿದರು ಮೊದಲು, ಮೂವತ್ತರ ಪ್ರಾಯದವರು ಆಮೇಲೆ. ಮೈಸೂರು ನಿಮಗೆ ಇನ್ನೂ ಸಲೀಸು: ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವ, ದಸರೆಯಲ್ಲಿ ಅರಮನೆಯ ಮುಂದಿನ ಸಂಗೀತ.

ಹಿಂದೂಸ್ತಾನಿ ಇಷ್ಟವಾದರೆ ಇನ್ನೊಂದು ಗಮನಿಸಿ. ಸಂಜೆಯ ಕಛೇರಿಗೇ ಹೋಗುತ್ತಿದ್ದರೆ ತೋಡಿ, ಲಲಿತ್, ಭಟಿಯಾರ್ ನೇರವಾಗಿ ಕೇಳಲು ಸಿಗುವುದೇ ಇಲ್ಲ, ಅವು ಬೆಳಗಿನ ರಾಗಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಕುಂದಗೋಳದ ನಾಡಗೀರ ವಾಡೆಯಂಥ ಕಡೆ ಅಹೋರಾತ್ರಿ ಸಂಗೀತಕ್ಕೆ ಒಮ್ಮೆ ಹೋಗಿ, ಒಂದು ಶಾಲು ಇಟ್ಟುಕೊಂಡು.

ಪ್ರಶ್ನೆ: ತಪ್ಪಿಸಿಕೊಳ್ಳಬಾರದೆಂದು ಪ್ರತಿ ಕಛೇರಿಯನ್ನೂ ಫೋನಿನಲ್ಲಿ ಪೂರ್ತಿ ಮುದ್ರಿಸುತ್ತೇನೆ. ಆಮೇಲೆ ಕೇಳುವುದಿಲ್ಲ. ಇದು ಸರಿಯೇ?
— ವಿದ್ಯಾರ್ಥಿ, ಸಕಲೇಶಪುರ

ಉತ್ತರ: ಸರಿಯಲ್ಲ. ಫೋನು ತಾನಾಗಿಯೇ ದನಿಯ ಮಟ್ಟ ಏರಿಸಿ ಇಳಿಸುತ್ತದೆ. ಗಾಯಕರು ಮೆಲ್ಲಗೆ ಹಾಡಿದರೆ ಸಭೆಯ ಕೆಮ್ಮು ಮುಂದೆ ಬರುತ್ತದೆ, ತಾರಕ್ಕೆ ಹೋದರೆ ದನಿ ಅಮುಕಿ ಹೋಗುತ್ತದೆ. ಸಂಘಟಕರ ಒಪ್ಪಿಗೆಯೂ ಬೇಕು. ಒಂದು ಚೀಟಿಯಲ್ಲಿ ರಾಗ, ಕೃತಿ, ಪಕ್ಕವಾದ್ಯದವರ ಹೆಸರು ಬರೆದುಕೊಳ್ಳಿ. ಮನೆಗೆ ಬಂದು ಅದೇ ಕೃತಿಯನ್ನು ಬೇರೆಯವರು ಹಾಡಿದ್ದು ಕೇಳಿ.

ಪ್ರಶ್ನೆ: ದೊಡ್ಡ ಗಾಯಕರ ಶೋಗೆ ಟಿಕೆಟ್ ಬುಕ್ ಮಾಡಿದ್ದೆ, ದಿನಾಂಕ ಮುಂದಕ್ಕೆ ಹೋಯಿತು, ಹೊಸ ದಿನ ನನಗೆ ಆಗದು. ದುಡ್ಡು ಹೋದ ಹಾಗೆಯೇ?
— ಅರಸೀಕೆರೆ

ಉತ್ತರ: ರದ್ದಾದ ಕಾರ್ಯಕ್ರಮಕ್ಕೂ ಮುಂದೂಡಿದ್ದಕ್ಕೂ ನಿಯಮ ಬೇರೆ ಬೇರೆ ಇರುತ್ತದೆ. ಮುಂದೂಡಿದ್ದರೆ ಹಣ ವಾಪಸು ಕೇಳಲು ಕೆಲವೇ ದಿನ ಗಡುವು ಕೊಟ್ಟಿರಬಹುದು. ಬಂದ ಇಮೇಲ್ ಇವತ್ತೇ ತೆರೆದು ನೋಡಿ. ಬುಕಿಂಗ್ ಶುಲ್ಕ ಹಿಂದಿರುಗದೆ ಇರಬಹುದು. ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ವಾಟ್ಸಾಪಿನಲ್ಲಿ ಅಪರಿಚಿತರಿಗೆ ಮಾರಲು ಹೋಗಿ ಟಿಕೆಟ್ಟಿನ ಕ್ಯೂಆರ್ ಕೋಡಿನ ಚಿತ್ರ ಕಳಿಸಬೇಡಿ. ದುಡ್ಡು ಕೊಡದೆ ಒಳಗೆ ನುಗ್ಗಲು ಅದೊಂದು ಸಾಕು.

ಪ್ರಶ್ನೆ: ತೋಟ ಬಿಟ್ಟು ಹೆಚ್ಚು ದೂರ ಹೋಗಲಾರೆವು. ನಮ್ಮ ಸುತ್ತಮುತ್ತಲೇ ಕೇಳುವಂಥದ್ದು ಏನಿದೆ?
— ದಂಪತಿ, ಬೇಲೂರು ತಾಲ್ಲೂಕು

ಉತ್ತರ: ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಿಮ್ಮ ಜಿಲ್ಲೆಯದೇ. ಕಾವೇರಿ ದಂಡೆಯ ಈ ಊರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಈ ಗಾಯಕರನ್ನೆಲ್ಲ ಕೊಟ್ಟಿದೆ. ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರ ಅಲ್ಲಿದೆ. ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವದ ದಿನಾಂಕ ಮೊದಲೇ ವಿಚಾರಿಸಿಕೊಳ್ಳಿ. ನವರಾತ್ರಿಯಲ್ಲಿ ಶೃಂಗೇರಿಯಲ್ಲಿ ಸಂಜೆ ಕಛೇರಿ ಇರುತ್ತದೆ. ಹಾಸನದ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದ ಕಾರ್ಯಕ್ರಮಗಳಿಗೆ ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣವೇ ಗತಿ, ಬಹಳ ಸಲ ಅದೂ ಆ ದಿನವೇ ಬರುತ್ತದೆ. ಸಂಘಟಕರ ವಾಟ್ಸಾಪ್ ಪಟ್ಟಿಗೆ ನಿಮ್ಮ ನಂಬರು ಸೇರಿಸಿಬಿಡಿ. ಮನೆಯಲ್ಲಿರುವ ಹೊತ್ತಿಗೆ ಆಕಾಶವಾಣಿ ಹಾಸನ, 102.2, ದಿನವಿಡೀ ಶಾಸ್ತ್ರೀಯ ಸಂಗೀತ ಬೇಕಾದರೆ ಆಕಾಶವಾಣಿಯ ಆಪ್‌ನಲ್ಲಿ ‘ರಾಗಂ’.

ಪೆಂಡಾಲಿನಲ್ಲಿ ಕೂರುವಾಗ ಸ್ಪೀಕರ್ ಪೆಟ್ಟಿಗೆಯ ಎದುರು ಕೂರಬೇಡಿ. ಮಧ್ಯದ ಸಾಲು, ಮುಂದಿನಿಂದ ಐದಾರನೆಯದು. ಚಿಕ್ಕ ಸಭೆಯಾದರೆ ಇನ್ನೂ ಮುಂದೆ ಹೋಗಿ, ಮೈಕಿನ ದನಿಗಿಂತ ಮೊದಲು ಗಾಯಕರ ಸ್ವಂತ ದನಿ ಕಿವಿಗೆ ಬೀಳುವಷ್ಟು ಹತ್ತಿರಕ್ಕೆ.