ಮ್ಯಾಲರಿ ವಾರಿಕ್‌ಶೈರ್‌ನವನೋ, ಯಾರ್ಕ್‌ಶೈರ್‌ನವನೋ?

ಆರ್ಥರ್ ರಾಜನ ಕಥೆಗಳ ಇಂಗ್ಲಿಷ್ ಕೃತಿ 'ಲ ಮೊರ್ತ್ ಡಾರ್ಥರ್' ಬರೆದ ಮ್ಯಾಲರಿ ಒಂದು ಪುಸ್ತಕದಲ್ಲಿ ವಾರಿಕ್‌ಶೈರ್‌ನವನು, ಇನ್ನೊಂದರಲ್ಲಿ ಯಾರ್ಕ್‌ಶೈರ್‌ನವನು ಅಂತಿದ್ದರೆ ಅದು ಅಚ್ಚಿನ ತಪ್ಪಲ್ಲ. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ಮ್ಯಾಲರಿ ಅನ್ನೋ ಹೆಸರಿನವರು ಹಲವರಿದ್ದರು. ನಿಮ್ಮ ಎರಡು ಪುಸ್ತಕಗಳು ಬೇರೆ ಬೇರೆ ಮ್ಯಾಲರಿಯನ್ನು ಹಿಡಿದಿವೆ. ಯಾರ್ಕ್‌ಶೈರ್ ವಾದ 1966ರಲ್ಲಿ ವಿದ್ವಾಂಸ ವಿಲಿಯಂ ಮ್ಯಾಥ್ಯೂಸ್ ಮಂಡಿಸಿದ್ದು.

ಅಸೈನ್‌ಮೆಂಟ್‌ಗೆ ಮೊದಲು 'ಲ ಮೊರ್ತ್ ಡಾರ್ಥರ್' ಒಳಗೇ ಸಿಗುವ ಗುರುತು ಬರೆದುಕೊಳ್ಳಿ. ಕೊನೆಯಲ್ಲಿ ಲೇಖಕ ತಾನು ನೈಟ್ ಅನ್ನುತ್ತಾನೆ, ತನ್ನ ಬಿಡುಗಡೆಗೆ ಪ್ರಾರ್ಥಿಸಿ ಎಂದು ಓದುಗರನ್ನು ಬೇಡುತ್ತಾನೆ, ನಾಲ್ಕನೇ ಎಡ್ವರ್ಡ್ ಆಳ್ವಿಕೆಯ 9ನೇ ವರ್ಷದಲ್ಲಿ (1469-70) ಮುಗಿಸಿದೆ ಅನ್ನುತ್ತಾನೆ. 1934ರಲ್ಲಿ ವಿಂಚೆಸ್ಟರ್ ಕಾಲೇಜಿನಲ್ಲಿ ಸಿಕ್ಕ ಹಸ್ತಪ್ರತಿಯಲ್ಲಿ 'ಸೆರೆಯಾಳು ನೈಟ್' ಅಂತಲೇ ಇದೆ. ಈ ಕೃತಿಯನ್ನು ಮೊದಲು ಅಚ್ಚು ಹಾಕಿದ ಕ್ಯಾಕ್ಸ್ಟನ್‌ನ 1485ರ ಮುದ್ರಣದಲ್ಲಿ ಆ ಸಾಲಿಲ್ಲ, ಅದಕ್ಕೇ ಹಸ್ತಪ್ರತಿ ಆಧಾರಿತ ಆವೃತ್ತಿ ನೋಡಿ.

ಆಮೇಲೆ ಒಬ್ಬೊಬ್ಬರಿಗೂ ಇವನ್ನು ಹೊಂದಿಸಿ. ವಾರಿಕ್‌ಶೈರ್‌ನ ನ್ಯೂಬೋಲ್ಡ್ ರೆವೆಲ್‌ನವನು ನೈಟ್, 1450ರ ದಶಕದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದ, 1468ರಲ್ಲಿ ರಾಜ ಕೊಟ್ಟ ಸಾಮೂಹಿಕ ಕ್ಷಮಾದಾನದಿಂದ ಹೊರಗುಳಿದ, 1471ರಲ್ಲಿ ತೀರಿಕೊಂಡ. ಯಾರ್ಕ್‌ಶೈರ್‌ನ ಹಟನ್ ಕಾನ್ಯರ್ಸ್‌ನವನು ನೈಟ್ ಆಗಿದ್ದಕ್ಕಾಗಲೀ ಸೆರೆಯಲ್ಲಿದ್ದಕ್ಕಾಗಲೀ ದಾಖಲೆ ಸಿಕ್ಕಿಲ್ಲ. ಪ್ಯಾಪ್‌ವರ್ತ್‌ನ ಇನ್ನೊಬ್ಬನೂ ನೈಟ್ ಅಲ್ಲ.

ಮೊದಲನೆಯವನ ಮೇಲೆ ದರೋಡೆ, ಅತ್ಯಾಚಾರದ ಆರೋಪಗಳಿದ್ದವು. 'ಇಂಥವನು ಇಷ್ಟು ಉದಾತ್ತ ಕೃತಿ ಬರೆದಾನೆಯೇ' ಎಂಬ ಆಕ್ಷೇಪ ನಿಮಗೂ ಎದುರಾಗುತ್ತೆ. ಅದು ಮುಜುಗರವೇ ಹೊರತು ಪುರಾವೆಯಲ್ಲ, ಅದರ ಮೇಲೆ ತೀರ್ಮಾನ ಕಟ್ಟಬೇಡಿ. ಆದರೆ ಅವನೇ ಲೇಖಕ ಅನ್ನೋದಕ್ಕೆ ನೇರ ದಾಖಲೆ ಇಲ್ಲ. ಹಾಗಾಗಿ 'ಬಹುತೇಕ ವಿದ್ವಾಂಸರು ಒಪ್ಪುವಂತೆ ನ್ಯೂಬೋಲ್ಡ್ ರೆವೆಲ್‌ನವನು' ಎಂದು ಬರೆಯಿರಿ, ಮ್ಯಾಥ್ಯೂಸ್ ವಾದವನ್ನು ಅಡಿಟಿಪ್ಪಣಿಗೆ ಹಾಕಿ.