ಮನೆಮಗಳಿಗೂ ಬಿಲ್ಲು ಬರೆಯುವ ಹಕ್ಕಿದೆ

ಓದುಗರ ಪತ್ರದ ಸಾರ: ಗಂಗಾವತಿಯ ಎಲೆಕ್ಟ್ರಿಕಲ್ ಎಂಜಿನಿಯರ್ ಒಬ್ಬರು ಬರೆದಿದ್ದಾರೆ. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದು, ಅಕ್ಕಿ ಗಿರಣಿಗಳಿಗೆ ವಿದ್ಯುತ್ ಉಳಿತಾಯದ ಸಲಹೆ ಕೊಡುವ ಸಣ್ಣ ಕನ್ಸಲ್ಟೆನ್ಸಿ ತೆರೆದು ಒಂದು ವರ್ಷವಾಗಿದೆ. ಕೆಲಸಕ್ಕೆ ಕೊರತೆಯಿಲ್ಲ, ಆದರೆ ಬಿಲ್ಲುಗಳಲ್ಲಿ ಅರ್ಧದಷ್ಟು ಬಾಕಿ ಉಳಿದಿವೆ. ‘ನೀನು ನಮ್ಮ ಮಗಳಿದ್ದಂತೆ, ನಮ್ಮ ನಡುವೆ ಬಿಲ್ಲು ಯಾಕವ್ವ?’ ಎನ್ನುತ್ತಾರೆ ಒಬ್ಬ ಸಾಹುಕಾರರು. ‘ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ದುಡ್ಡೇ?’ ಎನ್ನುತ್ತಾರೆ ಇನ್ನೊಬ್ಬರು. ಕೈಗೆ ಬಾರದ ಹಣಕ್ಕೂ ಜಿಎಸ್‌ಟಿ ಕಟ್ಟಿದ್ದಾಗಿದೆ. ‘ಮತ್ತೆ ಬೆಂಗಳೂರಿಗೆ ಹೋಗಿಬಿಡಲೇ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಸಹೋದರಿ, ನಮಸ್ಕಾರ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹತ್ತು ನಿಮಿಷದ ಮಾತು. ಗಿರಣಿಯ ಎಲಿವೇಟರ್, ಹಲ್ಲರ್, ಪಾಲಿಶರ್ ಎಲ್ಲವನ್ನೂ ಓಡಿಸುವುದು ಮೋಟಾರು. ಮೋಟಾರು ತನ್ನ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಕರೆಂಟನ್ನು ಎಳೆಯುತ್ತದೆ, ಅದನ್ನು ಸರಿದೂಗಿಸಲೆಂದೇ ಕೆಪಾಸಿಟರ್‌ಗಳನ್ನು ಕೂರಿಸಿರುತ್ತಾರೆ. ಬಿಸಿಗೆ, ಉಮಿಯ ದೂಳಿಗೆ ಅವು ಒಂದೊಂದಾಗಿ ಕೆಡುತ್ತವೆ. ಕೆಟ್ಟರೂ ಗಿರಣಿ ಓಡುತ್ತಲೇ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು ಕುಸಿದು, ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ಬಿಲ್ಲಿನಲ್ಲಿ ದಂಡದ ಒಂದು ಸಾಲು ತಿಂಗಳು ತಿಂಗಳೂ ಬಂದು ಕೂರುತ್ತದೆ. ಗುಮಾಸ್ತರು ಒಟ್ಟು ಮೊತ್ತ ನೋಡಿ ಕಟ್ಟುತ್ತಾರೆ. ನೀವು ಬಂದು ಆ ಸಾಲಿನ ಮೇಲೆ ಬೆರಳಿಟ್ಟಿರಿ, ಪ್ಯಾನೆಲ್ ತೆರೆದು ಕೆಟ್ಟ ಕೆಪಾಸಿಟರ್‌ಗಳನ್ನು ತೋರಿಸಿದಿರಿ. ಹತ್ತು ನಿಮಿಷ ಹಿಡಿಯಿತು, ನಿಜ. ಆದರೆ ಅದೇ ಪ್ಯಾನೆಲ್ಲಿನ ಮುಂದೆ ವರ್ಷಗಟ್ಟಲೆ ಓಡಾಡಿದವರಿಗೆ ಅದು ಕಂಡಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಭಾಗದ ಜನ ಹೇಗೆ ಕಂಗಾಲಾದರು ಎಂಬುದನ್ನು ನೀವೂ ಕಂಡಿದ್ದೀರಿ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ತಡೆ) ಇಳಿಸಬಹುದೆಂದು ಹೇಳಿ, ಒಂದು ವಾರದೊಳಗೆ ಇಳಿಸಿಯೂ ತೋರಿಸಿದವರು ಗೇಟ್ ತಜ್ಞ ಕನ್ನಯ್ಯ ನಾಯ್ಡು. ಇಳಿವಯಸ್ಸಿನ ಆ ಎಂಜಿನಿಯರ್ ಅಲ್ಲಿ ಎಷ್ಟು ಗಂಟೆ ನಿಂತಿದ್ದರೆಂದು ಯಾವ ರೈತನೂ ಲೆಕ್ಕ ಕೇಳಲಿಲ್ಲ. ಹೋಗುತ್ತಿದ್ದ ನೀರು ನಿಂತಿತೇ ಎಂದಷ್ಟೇ ನೋಡಿದರು. ಹಾಗೆ ನೋಡಬಲ್ಲ ಜನರ ನಡುವೆಯೇ ನೀವು ಕೆಲಸ ಮಾಡುತ್ತಿದ್ದೀರಿ. ಅವರಿಗೆ ನಷ್ಟದ ಮೊತ್ತ ಕಾಣಿಸಬೇಕು, ಅಷ್ಟೇ. ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳಲ್ಲಿನ ದಂಡವನ್ನು ಕೂಡಿಸಿ ವರದಿಯ ಮೊದಲ ಪುಟದಲ್ಲೇ ಬರೆಯಿರಿ, ಅದರ ಕೆಳಗೆ ನಿಮ್ಮ ಫೀ ಬರೆಯಿರಿ. ಉಳಿತಾಯದಲ್ಲಿ ಪಾಲು ಕೇಳುವ ಪದ್ಧತಿಗೆ ಮಾತ್ರ ಹೋಗಬೇಡಿ. ಗಿರಣಿ ಎಷ್ಟು ದಿನ ಓಡಿತು, ಎಷ್ಟು ಚೀಲ ಆಡಿಸಿತು ಎಂಬುದರ ಮೇಲೆ ಉಳಿತಾಯ ಏರಿಳಿಯುತ್ತದೆ. ಆ ಲೆಕ್ಕದ ಜಗಳ ವರ್ಷವಿಡೀ ಮುಗಿಯುವುದಿಲ್ಲ.

ಇನ್ನು ‘ಮಗಳಿದ್ದಂತೆ’ ಎಂಬ ಮಾತು. ಅದು ಸುಳ್ಳೆಂದು ನಾನು ಹೇಳಲಾರೆ. ಊಟದ ಹೊತ್ತಿಗೆ ಹೋದರೆ ಉಣ್ಣದೆ ಕಳಿಸುವುದಿಲ್ಲ, ಕತ್ತಲಾದರೆ ಮಗನನ್ನು ಕಳಿಸಿ ಬಸ್ ನಿಲ್ದಾಣಕ್ಕೆ ಬಿಡಿಸುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಂಥ ಪ್ರೀತಿ ದೊಡ್ಡದು, ಅದನ್ನು ಕಳೆದುಕೊಳ್ಳಬಾರದು. ಆದರೆ ಅದೇ ಸಾಹುಕಾರರು ಲಾರಿಯಿಂದ ಚೀಲ ಇಳಿಸಿದ ಹಮಾಲರಿಗೆ ಕೂಲಿ ಉಳಿಸಿಕೊಳ್ಳುವುದಿಲ್ಲ. ಎಪಿಎಂಸಿಯ ದಲಾಲಿ ಅಂಗಡಿಯ ಕಮಿಷನ್ ಪಟ್ಟಿಯಲ್ಲೇ ಸೇರಿರುತ್ತದೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಅವುಗಳ ದರ ಮೊದಲೇ ಎಲ್ಲರಿಗೂ ಗೊತ್ತು. ಸಲಹೆ ಎಂಬುದು ನಮ್ಮ ಕಡೆ ಇದುವರೆಗೆ ಕಟ್ಟೆಯ ಮೇಲೆ, ಚಹಾದ ಜತೆಗೆ ಸಿಗುತ್ತಿದ್ದ ವಸ್ತು. ಅದಕ್ಕೆ ದರವೇ ಇರಲಿಲ್ಲ. ಆ ದರವನ್ನು ನೀವು ಹೇಳಬೇಕು, ಅದೂ ಪ್ಯಾನೆಲ್ಲಿನ ಬಾಗಿಲು ತೆರೆಯುವ ಮೊದಲು. ತೆರೆದು ತೋರಿಸಿದ ಮೇಲೆ ಹೇಳಿದರೆ ಅದು ಬೆಲೆಯಂತೆ ಕೇಳಿಸುವುದಿಲ್ಲ, ಬೇಡಿಕೆಯಂತೆ ಕೇಳಿಸುತ್ತದೆ.

ನಿಮ್ಮ ಇಡೀ ಪತ್ರದಲ್ಲಿ ಕೆಲಸ ಶುರುವಾಗುವ ಮುನ್ನ ಕೊಟ್ಟ ಒಂದೇ ಒಂದು ಕಾಗದದ ಉಲ್ಲೇಖವೂ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸಿದ್ದು ಅದು. ಒಂದು ಪುಟ ಸಾಕು, ಕನ್ನಡದಲ್ಲೇ ಇರಲಿ. ಏನು ನೋಡುತ್ತೇನೆ, ಎಷ್ಟು ಸಲ ಬರುತ್ತೇನೆ, ವರದಿ ಯಾವಾಗ, ಫೀ ಎಷ್ಟು, ಅದರಲ್ಲಿ ಅರ್ಧ ಮುಂಗಡ. ‘ಹೊಸ ಮೋಟಾರು ಖರೀದಿಗೆ ಜತೆಗೆ ಬರುವುದು, ಜೆಸ್ಕಾಂ ಕಚೇರಿಗೆ ಓಡಾಡುವುದು ಇದರಲ್ಲಿ ಸೇರಿಲ್ಲ’ ಎಂಬ ಸಾಲೂ ಇರಲಿ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ‘ಮೋಟಾರು ಬಿಸಿಯಾಗುತ್ತಿದೆ, ಏನು ಮಾಡಲಿ?’ ಎಂದು ಕೇಳುವವರಿಗೆ ಉತ್ತರ ಕೊಡಿ, ಬೆಂಕಿ ಹತ್ತುವ ವಿಚಾರದಲ್ಲಿ ಮುಖ ತಿರುಗಿಸಬಾರದು. ಆದರೆ ಅಂಥ ಗಿರಣಿಗೆ ಮರುದಿನವೇ ವರ್ಷದ ಒಪ್ಪಂದದ ಪ್ರಸ್ತಾಪ ಕಳಿಸಿ. ದಾಕ್ಷಿಣ್ಯ ಅಡ್ಡ ಬರುತ್ತದೆ, ನನಗೆ ಗೊತ್ತು. ಎದುರಿಗೆ ಕುಳಿತು ಹಣ ಕೇಳಲು ನಾಲಿಗೆ ಏಳದವರ ಪರವಾಗಿ ಮಾತಾಡುವುದೇ ಆ ಕಾಗದ.

ಕಾನೂನು ನಿಮ್ಮ ಕಡೆಗಿದೆ ಎಂಬುದನ್ನೂ ತಿಳಿದಿರಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸದಿದ್ದರೆ ಇವತ್ತೇ ಮಾಡಿಸಿ. ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ, ಯಾವ ಏಜೆಂಟರಿಗೂ ಹಣ ಕೊಡಬೇಕಿಲ್ಲ. ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗೆ, ಸೇವೆ ನೀಡುವವರೂ ಸೇರಿ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕೆಂದು 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸಾಹುಕಾರರಿಗೆ ಇದಕ್ಕಿಂತ ಬೇಗ ನಾಟುವ ಸಂಗತಿ ಇನ್ನೊಂದಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮದಂತೆ, ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಲು ಸಾಧ್ಯ. ಅವರ ಲೆಕ್ಕ ಪರಿಶೋಧಕರಿಗೆ ಇದು ಗೊತ್ತಿರುತ್ತದೆ. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಮಾರ್ಚ್ ತಿಂಗಳಲ್ಲಿ ಅವರೇ ‘ಇದನ್ನು ಕೊಟ್ಟುಬಿಡಿ’ ಎನ್ನುತ್ತಾರೆ. ನೀವು ಕಾಯ್ದೆಯ ಹೆಸರೆತ್ತಿ ಯಾರೊಂದಿಗೂ ಜಗಳಕ್ಕೆ ನಿಲ್ಲಬೇಕಾಗಿಲ್ಲ.

ಜಿಎಸ್‌ಟಿ ವಿಚಾರ. ಸೇವೆ ನೀಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೀವು ಒಬ್ಬ ದೊಡ್ಡ ಗಿರಾಕಿಯ ಮಾತಿಗೆ ಸ್ವಇಚ್ಛೆಯಿಂದ ಮಾಡಿಸಿಕೊಂಡಿದ್ದೀರಿ. ಹಾಗಾಗಿ ಬಿಲ್ಲು ಬರೆದುಕೊಟ್ಟ ಕೂಡಲೇ, ಹಣ ಬರಲಿ ಬಿಡಲಿ, ಶೇಕಡ 18 ನಿಮ್ಮ ತಲೆಯ ಮೇಲೆ. ನಿಮ್ಮ ಗಿರಣಿಗಳಿಗೂ ಇದರಿಂದ ಲಾಭವಿಲ್ಲ. 25 ಕಿಲೋ ಮೀರಿದ ಚೀಲದ ಅಕ್ಕಿಗೆ ಜಿಎಸ್‌ಟಿ ಇಲ್ಲ, 26 ಕಿಲೋ ಚೀಲಗಳು ಮಾರುಕಟ್ಟೆಗೆ ಬಂದದ್ದೂ ಅದಕ್ಕೇ. ಆ ಅಕ್ಕಿಯ ಮಟ್ಟಿಗೆ ನೀವು ಹಾಕಿದ ತೆರಿಗೆಯನ್ನು ಅವರು ಹಿಂಪಡೆಯಲಾಗದು, ಅವರಿಗೆ ಅದು ಬರೀ ಖರ್ಚು. ವಹಿವಾಟು ಮಿತಿಯೊಳಗೇ ಇದ್ದರೆ ನೋಂದಣಿ ರದ್ದತಿಗೆ ಅರ್ಜಿ ಹಾಕುವ ಬಗ್ಗೆ ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ.

ನೀವು ಕೇಳದೆ ಬಿಟ್ಟ ಒಂದು ಸಂಗತಿಯನ್ನು ನಾನೇ ಎತ್ತುತ್ತೇನೆ. ನಿಮ್ಮ ಗಿರಾಕಿಗಳೆಲ್ಲ ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಯವರು. ಎಲ್ಲರ ಭತ್ತವೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನದು. ಕಾಲುವೆಗೆ ನೀರು ಬಾರದ ಹಂಗಾಮಿನಲ್ಲಿ ಎಲ್ಲರೂ ಒಟ್ಟಿಗೇ ಕೈ ಬಿಗಿಹಿಡಿಯುತ್ತಾರೆ, ನೀರು ಬಂದ ವರ್ಷವೂ ಭತ್ತ ಖರೀದಿಯ ದಿನಗಳಲ್ಲಿ ಅವರ ಹಣವೆಲ್ಲ ರಾಶಿಯ ಮೇಲೆ ಇರುತ್ತದೆ. ಸುಗ್ಗಿಯಲ್ಲಿ ಕಳಿಸಿದ ಬಿಲ್ಲು ಮೇಜಿನ ಮೇಲೆ ಉಳಿಯುವುದು ಕೆಟ್ಟ ಮನಸ್ಸಿನಿಂದಲೇ ಎಂದು ತಿಳಿಯಬೇಡಿ. ಪರಿಶೀಲನೆಯ ಕೆಲಸವನ್ನು ಗಿರಣಿ ದುರಸ್ತಿಗೆ ನಿಲ್ಲಿಸುವ ದಿನಗಳಿಗೆ ಇಟ್ಟುಕೊಳ್ಳಿ. ಜತೆಗೆ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ಬಾಗಿಲು ತಟ್ಟಿ, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಿಗೆ ಹೋಗಿ ಬನ್ನಿ. ಅಲ್ಲಿಯೂ ಮೋಟಾರುಗಳಿವೆ, ಅದೇ ಜೆಸ್ಕಾಂ ಬಿಲ್ಲಿದೆ. ಆದರೆ ಅವರ ಕೈಗೆ ಹಣ ಬರುವ ಕಾಲ ಬೇರೆ.

ಬೆಂಗಳೂರಿನ ಪ್ರಶ್ನೆಗೆ ಈಗಲೇ ಉತ್ತರ ಬೇಡ. ಇದುವರೆಗೆ ನೀವು ನಡೆಸಿದ್ದು ದರ ಹೇಳದ, ಕಾಗದವಿಲ್ಲದ ವ್ಯವಹಾರ. ಅದರ ಫಲ ನೋಡಿ ಈ ಕಸುಬು ನಮ್ಮ ಊರಿನಲ್ಲಿ ನಡೆಯುವುದಿಲ್ಲ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಮುಂದಿನ ಮಾರ್ಚ್‌ವರೆಗೆ ಮುಂಗಡವಿಲ್ಲದೆ ಯಾವ ಹೊಸ ಗಿರಣಿಯೊಳಗೂ ಕಾಲಿಡಬೇಡಿ. ಆಗಲೂ ಮನೆ ಖರ್ಚು ಹುಟ್ಟದಿದ್ದರೆ ನೌಕರಿಗೆ ಹೋಗಿ, ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಹಳೆಯ ಬಾಕಿಗಳಿಗೆ ಫೋನ್ ಮಾಡುವುದನ್ನು ನಿಲ್ಲಿಸಿ. ಬಿಲ್ಲಿನ ಪ್ರತಿ ಹಿಡಿದು ಬೆಳಿಗ್ಗೆ ಹೊತ್ತು ನೇರವಾಗಿ ಹೋಗಿ. ಮಗಳೆಂದವರ ಗಿರಣಿಗೇ ಮೊದಲು ಹೋಗಿ. ಅವರು ಕೊಟ್ಟ ಚಹಾ ಕುಡಿದು, ‘ಅಪ್ಪಾಜಿ, ಇದನ್ನು ಇವತ್ತು ಮುಗಿಸಿಕೊಡಿ’ ಎಂದು ಕೇಳಿ.